ಚಿತ್ರಕ್ಕೂ ಒಂದು ಬೆನ್ನಿದೆ

ಸಾಗರ
ಮೇ ಕೊನೆಯ ವಾರ

ಚಿ|| ಪುಟ್ಟಿಗೆ,

  ಇಲ್ಲಿ ಮಳೆ ಇನ್ನೂ ಹಿಡಿದಿಲ್ಲ. ಮೋಡ ಮಾತ್ರ ದಿನಾ ಸಂಜೆ ಬಂದು ಹೆದರಿಸಿ ಹೋಗುತ್ತಿದೆ.

ನೀನು ಕಳಿಸಿದ ಹಾಲ್‌ನ ಫೋಟೋಗಳನ್ನೂ ಗ್ರಾಫ್ ಹಾಳೆಯ ಮೇಲೆ ಬರೆದ ನಕ್ಷೆಯನ್ನೂ ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಮೂರು ಹೇಳುತ್ತೀ, ಕೊನೆಗೆ ಇಬ್ಬರೂ ಅಜ್ಜಿಯ ಮಂಡಿನೋವಿಗೆ ಬಂದು ನಿಲ್ಲುತ್ತೇವೆ. ಅದಕ್ಕೆ ಕಾಗದ. ಸಮಾಧಾನವಾಗಿ ಓದು, ಗೆಳತಿಯರಿಗೂ ಓದಿ ಹೇಳು, ಒಪ್ಪದ್ದನ್ನು ಬಿಡು.

ನನಗೆ ಅರ್ಥವಾದದ್ದು ಇಷ್ಟು. ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವ ಹೆಂಗಸರ ಕೈಗಳನ್ನು ನೀನೂ ಗೆಳತಿಯರೂ ಇದ್ದಿಲಿನಲ್ಲಿ ಬರೆದಿದ್ದೀರಿ. ಎಲ್ಲರದೂ ಸೇರಿ ಹಾಳೆಗಳು ಇಪ್ಪತ್ತೆಂಟು. ಅವನ್ನು ಗೋಡೆಗೆ ಹಾಕದೆ ಮೇಲಿನ ಪೈಪುಗಳಿಂದ ಇಳಿಬಿಡುತ್ತೀ. ಎರಡು ಪ್ರೊಜೆಕ್ಟರ್ ಇಟ್ಟು, ಅದೇ ಕೈಗಳ ವಿಡಿಯೋವನ್ನು ಆ ಹಾಳೆಗಳ ಮೇಲೆ ಬಿಡುತ್ತೀ. ಜೂನ್ ಕೊನೆಗೆ ಮೈಸೂರಿನ ನಿಮ್ಮ ಕಾಲೇಜಿನಲ್ಲಿ ಪ್ರದರ್ಶನ.

ಗೆರೆಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೆಬ್ಬೆರಳ ಸಂದಿಯ ಆ ಗಡಸು ಚರ್ಮವನ್ನು ನೀನು ಬರೆದ ರೀತಿ ನೋಡಿ ಅಜ್ಜಿ ತನ್ನ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ನಾನು ಚಿತ್ರಕಾರನೂ ಅಲ್ಲ, ಹವ್ಯಾಸಿ ನಾಟಕದವರಿಗೆ ಲೈಟು ಹಾಕಿಕೊಂಡು ಬಂದವನು. ಹಾಗಾಗಿ ನನ್ನ ಕಣ್ಣು ಹೋದದ್ದು ನಕ್ಷೆಯ ಮೇಲೆ. ಪ್ರತಿ ಹಾಳೆಗೂ ಬಾಣದ ಗುರುತು ಹಾಕಿದ್ದೀಯಲ್ಲ, ಆ ಬಾಣಗಳೆಲ್ಲ ಬಾಗಿಲ ಕಡೆಗೇ ಮುಖ ಮಾಡಿವೆ. ಅಂದರೆ ಅವು ಇಳಿಬಿಟ್ಟ ಚಿತ್ರಗಳಲ್ಲ ಮಾರಾಯ್ತಿ, ಇಲ್ಲದ ಗೋಡೆಗೆ ಹೊಡೆದ ಚಿತ್ರಗಳು. ಬಂದವರು ಬಾಗಿಲಲ್ಲಿ ನಿಂತು ನೋಡಿ, ನಡುವೆ ನಡೆದು, ಆಚೆ ತುದಿಗೆ ಹೋಗಿ ಹಿಂತಿರುಗಿದರೆ ಅವರಿಗೆ ಕಾಣುವುದೇನು? ಇಪ್ಪತ್ತೆಂಟು ಖಾಲಿ ಬೆನ್ನು, ಟೇಪಿನ ತುಂಡುಗಳು, ಪೆನ್ಸಿಲ್ಲಿನಲ್ಲಿ ಬರೆದ ನಂಬರು.

ಗೋಡೆಯ ಮೇಲಿದ್ದಷ್ಟು ಹೊತ್ತು ಚಿತ್ರದ ಬೆನ್ನನ್ನು ಯಾರೂ ಕೇಳುವುದಿಲ್ಲ. ಗೋಡೆ ಬಿಟ್ಟ ಗಳಿಗೆಯಿಂದ ಅದು ನಿನ್ನ ಜವಾಬ್ದಾರಿ. ನಾನು ಹೇಳಬೇಕಾದ ಮಾತು ಇದೊಂದೇ, ಉಳಿದದ್ದೆಲ್ಲ ಅದರ ಬಾಲ.

ತೊಗಲುಗೊಂಬೆ ಆಟವನ್ನು ನೀನು ಪರದೆಯ ಮುಂದೆ ಕೂತು ನೋಡಿದ್ದೀ. ಮುಂದಿನ ಸಲ ಅಪ್ಪಣೆ ಕೇಳಿ ಹಿಂದೆ ಹೋಗಿ ಕೂರು. ಚರ್ಮವನ್ನು ಹೆರೆದು ಹೆರೆದು ಬೆಳಕು ತೂರುವಷ್ಟು ತೆಳುವಾಗಿಸಿ, ಎರಡೂ ಮಗ್ಗುಲಿಗೆ ಬಣ್ಣ ಕೊಟ್ಟು, ಒಡವೆ ಬರಬೇಕಾದ ಕಡೆ ಸಣ್ಣ ಉಳಿಯಿಂದ ತೂತು ಹೊಡೆದಿರುತ್ತಾರೆ. ಕೊರಳ ಹಾರದ ಮುತ್ತು ಅಂತ ನಾವು ನೋಡುವುದು ಬಣ್ಣವಲ್ಲ, ಬರೀ ತೂತು. ಆಚೆಯ ದೀಪವೇ ಮುತ್ತಾಗಿ ಕಾಣುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪು, ಬಣ್ಣ ಗಟ್ಟಿ. ಗೇಣುದ್ದ ಹಿಂದಕ್ಕೆ, ದೀಪದ ಕಡೆಗೆ ಎಳೆದರೆ ಆಕೃತಿ ಹಿಗ್ಗುತ್ತದೆ, ಅಂಚು ಕರಗುತ್ತದೆ. ಲೆನ್ಸಿಲ್ಲ, ರಿಮೋಟಿಲ್ಲ, ಕೈ ಹಿಂದೆ ಮುಂದೆ ಹೋಗುವುದಷ್ಟೆ. ನಿಮ್ಮ ಪ್ರೊಜೆಕ್ಟರ್ ಪುಸ್ತಕದಲ್ಲಿ ನಾಲ್ಕು ಪುಟ ಬರೆದಿರುವುದನ್ನು ಗೊಂಬೆ ಆಡಿಸುವ ಕಿಳ್ಳೇಕ್ಯಾತರ ಮೇಳದ ಹುಡುಗ ತೊಡೆಯ ಮೇಲೆ ಕೂತೇ ಕಲಿಯುತ್ತಾನೆ.

ನಮ್ಮ ಕಡೆಯ ಗೊಂಬೆಗಳಲ್ಲಿ ಇನ್ನೊಂದು ವಿಶೇಷ. ಒಂದೊಂದು ಪಾತ್ರಕ್ಕೆ ಒಂದೊಂದು ಗೊಂಬೆ ಇರುವುದಲ್ಲದೆ, ಎಷ್ಟೋ ಸಲ ಒಂದೇ ತೊಗಲಿನಲ್ಲಿ ಇಡೀ ಒಂದು ಸನ್ನಿವೇಶವನ್ನೇ ಕೊರೆದಿರುತ್ತಾರೆ. ಅಂದರೆ ಅದು ಗೊಂಬೆಯೂ ಹೌದು, ಬೆಳಕಿನಲ್ಲಿ ಇಳಿಬಿಟ್ಟ ಚಿತ್ರವೂ ಹೌದು. ಬೆಂಗಳೂರಿಗೆ ಹೋದಾಗ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಮುತುವರ್ಜಿಯಿಂದ ಕೂಡಿಸಿದ ಗೊಂಬೆಗಳನ್ನು ನೋಡಿ ಬಾ. ನಿಮ್ಮ ಮೇಷ್ಟ್ರು ಇನ್‌ಸ್ಟಲೇಷನ್ ಅಂದ ಕೂಡಲೇ ವೆನಿಸ್ಸು, ಬರ್ಲಿನ್ನು ಅನ್ನುತ್ತಾರೆ ಅಂತ ಬರೆದಿದ್ದೀಯಲ್ಲ, ಅನ್ನಲಿ, ತಪ್ಪಿಲ್ಲ. ಬಳ್ಳಾರಿ ಕೂಡ ನಕ್ಷೆಯಲ್ಲಿದೆ ಅಂತ ಒಂದು ಮಾತು ಸೇರಿಸು. ಅಲ್ಲಿನ ಬೆಳಗಲ್ಲು ವೀರಣ್ಣನವರು ರಾಮಾಯಣದ ಪರದೆಯ ಮೇಲೆ ಗಾಂಧಿಯನ್ನು ತಂದು ನಡೆಸಿದವರು.

ಇನ್ನು ಬೆನ್ನಿಗೆ ಏನು ಮಾಡಬೇಕು? ಫೋಟೋಗ್ರಫಿಗೆ ಹೆಸರಾದ ಡಾಗೇರ್ ಗೊತ್ತಲ್ಲ, ಅವನು ಅದಕ್ಕೂ ಮೊದಲು ರಂಗಭೂಮಿಗೆ ಪರದೆ ಬರೆಯುತ್ತಿದ್ದವನು, ನಮ್ಮ ಪೈಕಿಯವನು. 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಯೊರಾಮಾ ಅಂತ ಒಂದು ಮನೆ ಕಟ್ಟಿಸಿ, ಕತ್ತಲಲ್ಲಿ ಜನರನ್ನು ಕೂರಿಸಿ, ದೊಡ್ಡ ದೊಡ್ಡ ಚಿತ್ರಗಳ ಮೇಲೆ ಬೆಳಕು ಬದಲಾಯಿಸಿ ತೋರಿಸುತ್ತಿದ್ದ. 1834ರ ಹೊತ್ತಿಗೆ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ತೆಳು ಹತ್ತಿಬಟ್ಟೆಯ ಎರಡೂ ಮುಖಕ್ಕೆ ಚಿತ್ರ ಬರೆದ. ಮುಂದಿನಿಂದ ಬೆಳಕು ಬಿದ್ದಾಗ ಹಗಲು ಹೊತ್ತಿನ ಖಾಲಿ ಚರ್ಚು. ಮುಂದಿನ ಬೆಳಕು ಇಳಿಸಿ ಹಿಂದಿನದನ್ನು ಏರಿಸಿದರೆ ಅದೇ ಚರ್ಚಿಗೆ ರಾತ್ರಿಯಾಗಿ, ಖಾಲಿ ಇದ್ದ ಆಸನಗಳಲ್ಲಿ ಪೂಜೆಗೆ ಬಂದ ಜನ ತುಂಬಿಕೊಳ್ಳುತ್ತಿದ್ದರು. ಹಿಂದಿನ ಮುಖಕ್ಕೆ ಬರೆದ ಜನ ಮುಂದಿನ ಮುಖಕ್ಕೆ ತೂರಿ ಬರುತ್ತಿದ್ದರು, ಅಷ್ಟೆ. ನಾವು ನಾಟಕದಲ್ಲಿ ಸೊಳ್ಳೆಪರದೆ ಬಟ್ಟೆ ಕಟ್ಟಿ ಮಾಡುತ್ತಿದ್ದ ಆಟವೂ ಇದೇ. ಮುಂದಿನಿಂದ ಓರೆಯಾಗಿ ಲೈಟು ಬಿದ್ದರೆ ಅದು ಗೋಡೆಯಂತೆ ಗಟ್ಟಿ. ಹಿಂದಿನ ಲೈಟು ಹತ್ತಿತು ಅಂದರೆ ಪರದೆ ಕರಗಿ, ಆಚೆ ನಿಂತ ಪಾತ್ರ ಕಾಣಿಸಿಕೊಳ್ಳುತ್ತದೆ. ಪ್ರತಿ ಸಲವೂ ಸಭೆಯಲ್ಲಿ ಯಾರಾದರೊಬ್ಬರು ಹಾ ಅನ್ನುತ್ತಿದ್ದರು, ಗುಟ್ಟು ಗೊತ್ತಿದ್ದ ನಾನೂ ಅನ್ನುತ್ತಿದ್ದೆ.

ಈಗ ನಿನ್ನ ಹಾಳೆಗೆ ಬಾ. ನೀನು ಬರೆದಿರುವುದೆಲ್ಲ ಮುಂಗೈ. ಗೆಣ್ಣು, ನರ, ಬಳೆ, ಉಗುರು. ಆ ಕೈಗೆ ಅಂಗೈಯೂ ಇದೆಯಲ್ಲ! ಹಸಿ ಅಡಿಕೆಯ ಚೊಗರು ಹತ್ತಿ ಕರ್ರಗಾಗಿ, ಸುಲಿ ಮುಗಿದು ವಾರಗಳಾದರೂ ಸೋಪಿಗೆ ಹೋಗದೆ ಕೂತ ಕಲೆ, ಕತ್ತಿಯ ಅಂಚು ತಾಗಿ ಮಾಗಿದ ಗೆರೆ. ಅದನ್ನು ಹಾಳೆಯ ಹಿಂದಿನ ಮುಖಕ್ಕೆ ಬರೆದು ನೋಡು. ಮುಂಗೈ ಎಲ್ಲಿದೆಯೋ ಕರಾರುವಾಕ್ಕಾಗಿ ಅದರ ಬೆನ್ನಿಗೆ ಅಂಗೈ, ಬೆರಳಿಗೆ ಬೆರಳು ಕೂಡುವ ಹಾಗೆ. ಕಿಟಕಿ ಗಾಜಿಗೆ ಹಾಳೆ ಒತ್ತಿ ಹಿಡಿದರೆ ಗೆರೆ ತಾನಾಗಿ ತೂರಿ ಕಾಣುತ್ತದೆ, ಅಳತೆಯ ತಾಪತ್ರಯವಿಲ್ಲ. ಆಗ ಹಾಲ್‌ನ ಬೆಳಕು ಮುಂದಿನಿಂದ ಬಿದ್ದಾಗ ದುಡಿಯುವ ಕೈ. ಹಿಂದಿನಿಂದ ಪ್ರೊಜೆಕ್ಟರಿನ ಬೆಳಕು ಬಂದಾಗ ಆ ಕೈಯೊಳಗಿಂದ ಚೊಗರಿನ ಕಲೆ ಮೆಲ್ಲಗೆ ಮೇಲೇಳುತ್ತದೆ. ನಡೆದು ಆಚೆ ಬದಿಗೆ ಹೋದವರಿಗೆ ಅಂಗೈಯೇ ಚಿತ್ರ.

ನಿನ್ನ ವಿಡಿಯೋ ಬಗ್ಗೆ ನನಗಿದ್ದ ತಕರಾರೂ ಇದರಿಂದಲೇ ಸಡಿಲವಾಗುತ್ತದೆ. ಕೈಯ ಚಿತ್ರದ ಮೇಲೆ ಅದೇ ಕೈಯ ವಿಡಿಯೋ ಬಿಡುವುದು ಹೇಳಿದ್ದನ್ನೇ ಜೋರಾಗಿ ಹೇಳಿದ ಹಾಗೆ. ಕಣ್ಣು ಓಡಾಡುವುದನ್ನೇ ನೋಡುತ್ತದೆ. ನಿಂತ ಗೆರೆ ಎಷ್ಟು ಚೆನ್ನಾಗಿದ್ದರೂ ಅಲುಗಾಡುವ ಬೆರಳಿನ ಮುಂದೆ ಸೋಲುತ್ತದೆ. ವಿಡಿಯೋ ಬೇಕೇ ಬೇಕು ಅಂದರೆ ಅದನ್ನೂ ಕೈಯಿಂದಲೇ ಬರೆ. ದಕ್ಷಿಣ ಆಫ್ರಿಕದ ವಿಲಿಯಂ ಕೆಂಟ್ರಿಡ್ಜ್ 1989ರಿಂದ ಮಾಡಿಕೊಂಡು ಬಂದ ಇದ್ದಿಲಿನ ಸಿನಿಮಾಗಳನ್ನು ನೋಡು. ಸಾವಿರ ಹಾಳೆ ಬರೆಯುವುದಿಲ್ಲ ಆತ. ಒಂದೇ ಹಾಳೆಯ ಮೇಲೆ ಬರೆದು, ಕ್ಯಾಮೆರಾದ ಬಳಿ ನಡೆದು ಹೋಗಿ ಒಂದೆರಡು ಫ್ರೇಮ್ ತೆಗೆದು, ವಾಪಸು ಬಂದು ಸ್ವಲ್ಪ ಒರೆಸಿ, ಮತ್ತೆ ಬರೆದು, ಮತ್ತೆ ಕ್ಯಾಮೆರಾಕ್ಕೆ. ಒರೆಸಿದ ಜಾಗದಲ್ಲಿ ಬೂದು ಮಸಿ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಅಡಿಕೆ ಸುಲಿಯಲು ಕೈ ಎಷ್ಟು ಸಲ ತಿರುಗುತ್ತದೋ ಅಷ್ಟು ಸಲ ಒರೆಸಿದ ಗುರುತು ನಿನ್ನ ಹಾಳೆಯಲ್ಲಿದ್ದರೆ, ಇಡೀ ರಾತ್ರಿಯ ಕೆಲಸ ಒಂದೇ ಕಾಗದದಲ್ಲಿ ಕೂರುತ್ತದೆ. ಅದನ್ನು ಚಿತ್ರದ ಮೇಲಲ್ಲ, ಪಕ್ಕದ ಖಾಲಿ ಬಟ್ಟೆಯ ಮೇಲೆ ಬಿಡು. ಒಂದು ಪ್ರೊಜೆಕ್ಟರಿಗೆ ಅದು ಸಾಕು. ಇನ್ನೊಂದಕ್ಕೆ ಬರೀ ಬೆಳಕಿನ ಕೆಲಸ, ಹಾಳೆಗಳ ಬೆನ್ನಿಗೆ ನಿಧಾನವಾಗಿ ಏರಿ ಇಳಿಯುವುದು.

ಪ್ರೊಜೆಕ್ಷನ್ ಅಂದ ಕೂಡಲೇ ನಿನ್ನ ಗೆಳತಿಗೆ ಅದೇನೋ ಕಂಪ್ಯೂಟರಿನವರ ವಿದ್ಯೆ ಅಂತ ಹೆದರಿಕೆಯಂತೆ. ಅವಳಿಗೆ ಹೇಳು, 1892ರಲ್ಲಿ, ಅಂದರೆ ಲೂಮಿಯೇರ್ ಸಹೋದರರ ಸಿನಿಮಾಕ್ಕೆ ಮೂರು ವರ್ಷ ಮೊದಲೇ, ಮುಂಬೈ ಹತ್ತಿರದ ಕಲ್ಯಾಣದ ಪಟವರ್ಧನರು ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರಗಳನ್ನು ಲಾಂದ್ರದ ಬೆಳಕಿನಲ್ಲಿ ಪರದೆಗೆ ಬಿಟ್ಟು ಕತೆ ಹೇಳುತ್ತಿದ್ದರು. ಶಾಂಬರಿಕ ಖರೋಲಿಕಾ ಅಂತ ಅದರ ಹೆಸರು. ಬರೆಯುವ ಕೈಗೂ ಬೆಳಕಿಗೂ ಹಳೇ ನಂಟು. ಹೆದರಬೇಕಾದ್ದು ಕಂಪ್ಯೂಟರಿಗಲ್ಲ, ಅಳತೆಗೆ.

ಅಳತೆ ಹೀಗೆ. ಪ್ರೊಜೆಕ್ಟರಿನ ಹೊಟ್ಟೆಯ ಮೇಲೋ ಪುಸ್ತಕದಲ್ಲೋ ಥ್ರೋ ರೇಷಿಯೋ ಅಂತ ಒಂದು ಸಂಖ್ಯೆ ಇರುತ್ತದೆ. ಅದು 1.5 ಆಗಿದ್ದರೆ, 2 ಮೀಟರ್ ಅಗಲದ ಚಿತ್ರ ಬೇಕಾದಾಗ 3 ಮೀಟರ್ ದೂರ ಇಡಬೇಕು. 0.5 ಆದರೆ ಒಂದೇ ಮೀಟರ್ ಸಾಕು. ಕಾಲೇಜಿನಲ್ಲಿ ಕೊಡುತ್ತೇನೆ ಅಂದದ್ದು ಯಾವುದು ಅಂತ ಇವತ್ತೇ ಹೋಗಿ ನೋಡು, ಇಲ್ಲದಿದ್ದರೆ ನಿನ್ನ ನಕ್ಷೆ ಬರೀ ಆಸೆ. ಎರಡನೆಯದು, ದೂರ ಎರಡರಷ್ಟಾದರೆ ಚಿತ್ರದ ಅಗಲ ಎತ್ತರ ಎರಡೂ ಹಿಗ್ಗಿ, ಅದೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹಂಚಿಹೋಗುತ್ತದೆ. ಅಂದರೆ ಕಾಲು ಭಾಗವಷ್ಟೇ ಉಳಿಯಿತು. ದೊಡ್ಡದಾಗಿ ಕಾಣಲಿ ಅಂತ ಹಿಂದಕ್ಕೆ ಸರಿಸುವ ಮೊದಲು ಇದು ನೆನಪಿರಲಿ. ಸಣ್ಣದಾಗಿ, ಉಜ್ವಲವಾಗಿ ಇರಲಿ ಅನ್ನುವುದು ನನ್ನ ಪಕ್ಷ.

ಇನ್ನೊಂದು ಗುಟ್ಟು, ಪ್ರೊಜೆಕ್ಟರಿಗೆ ಕಪ್ಪು ಬಿಡಲು ಬರುವುದಿಲ್ಲ. ಅದು ಕೊಡುವುದು ಬೆಳಕು ಮಾತ್ರ. ಕಪ್ಪು ಅಂದರೆ ಅದು ಸುಮ್ಮನಿರುವುದು, ಅಷ್ಟೆ. ಬಿಳಿ ಹಾಳೆಯ ಮೇಲಿನ ಇದ್ದಿಲ ಗೆರೆಯನ್ನು ಹಾಗೇ ಫೋಟೋ ತೆಗೆದು ಬಿಟ್ಟರೆ ಹಾಲ್ ತುಂಬ ಬಿಳಿ ಚೌಕ ಬೆಳಗುತ್ತದೆ, ಗೆರೆ ಬೂದಿಯಾಗುತ್ತದೆ, ನೀವು ಕಷ್ಟಪಟ್ಟು ಕಟ್ಟಿದ ಕತ್ತಲೆಲ್ಲ ಹಾಳು. ಬಣ್ಣ ತಿರುಗಿಸಿ ಕಪ್ಪಿನ ಮೇಲೆ ಬಿಳಿ ಗೆರೆ ಮಾಡಿಕೊ. ಆಗ ಚೌಕ ಮಾಯವಾಗಿ ಗೆರೆ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ಹಾಗೆಯೇ, ಇದ್ದಿಲು ದಟ್ಟವಾಗಿ ಹಚ್ಚಿದ ಜಾಗ ಮುಂದಿನಿಂದ ಬಿದ್ದ ಬೆಳಕನ್ನು ನುಂಗುತ್ತದೆ, ಹಿಂದಿನಿಂದ ಬಂದದ್ದನ್ನು ತಡೆಯುತ್ತದೆ. ಅಂಗೈ ತೂರಿ ಬರಬೇಕಾದ ಕಡೆ ಮುಂಗೈಯನ್ನು ಗೆರೆಯಲ್ಲೇ ಬಿಡು, ತುಂಬಿಸಬೇಡ.

ಹಿಂದಿನಿಂದ ಬೆಳಕು ಬಿಡುವಾಗ ಒಂದು ಕಾಟವಿದೆ. ತೆಳು ಹಾಳೆಯ ಆಚೆ ಪ್ರೊಜೆಕ್ಟರಿನ ಕಣ್ಣು ನೇರ ನೋಡುವವರ ಕಣ್ಣಿಗೇ ಬಂದರೆ, ನಟ್ಟನಡುವೆ ಉರಿಯುವ ಬೊಟ್ಟು ಕಾಣುತ್ತದೆ, ಉಳಿದದ್ದೇನೂ ಕಾಣುವುದಿಲ್ಲ. ಪ್ರೊಜೆಕ್ಟರನ್ನು ನೆಲದ ಮಟ್ಟಕ್ಕೆ ಇಳಿಸಿ ಮೇಲಕ್ಕೆ ವಾರೆ ಮಾಡು, ಇಲ್ಲವೇ ಮೇಲೆ ಪೈಪಿಗೆ ಕಟ್ಟಿಸಿ ಕೆಳಕ್ಕೆ ವಾರೆ ಮಾಡು. ವಾರೆಯಾದ್ದರಿಂದ ಚೌಕ ಸೊಟ್ಟಗಾಗುತ್ತದೆ, ಅದನ್ನು ಯಂತ್ರದಲ್ಲೇ ನೆಟ್ಟಗೆ ಮಾಡುವ ಏರ್ಪಾಡು ಇರುತ್ತದೆ.

ಜನರ ನೆರಳು ಚಿತ್ರದ ಮೇಲೆ ಬೀಳುತ್ತದೆ ಅಂತ ನಿನಗೆ ಆತಂಕವಂತೆ. ಬೀಳಲಿ ಬಿಡು. ನಳಿನಿ ಮಲಾನಿಯವರು 2012ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಐದು ಪಾರದರ್ಶಕ ಉರುಳೆಗಳನ್ನು ಮೇಲಿನಿಂದ ಇಳಿಬಿಟ್ಟು ತಿರುಗುವಂತೆ ಮಾಡಿದ್ದರು. ಅವುಗಳ ಒಳಮೈಗೆ ಬರೆದ ಚಿತ್ರಗಳನ್ನು ಹಾಯ್ದು ಪ್ರೊಜೆಕ್ಟರುಗಳ ಬೆಳಕು ಗೋಡೆಗೆ ಹೋಗುತ್ತಿತ್ತು. ನಡುವೆ ನಿಂತವರ ಮೈಮೇಲೂ ಚಿತ್ರ, ಗೋಡೆಯ ಮೇಲೆ ಅವರದೂ ನೆರಳು. ನಿನ್ನ ಹಾಲ್‌ನಲ್ಲೂ ಯಾವುದಾದರೂ ಒಂದು ಕಡೆ ನೋಡುವವರ ಕೈ ನೆರಳು ಅಜ್ಜಿಯ ಕೈಯ ಪಕ್ಕಕ್ಕೆ ಬೀಳುವ ಹಾಗೆ ಜಾಗ ಬಿಟ್ಟರೆ ಕಾಲೇಜಿನ ಹುಡುಗರು ಅಲ್ಲಿ ನಿಂತು ಅಡಿಕೆ ಸುಲಿದಂತೆ ಆಡುತ್ತಾರೆ. ಆಡಿಕೊಳ್ಳಲಿ. ಎಲ್ಲ ಕಡೆಗೂ ಬೇಡ, ಒಂದು ಕಡೆ.

ಇನ್ನು ಕಟ್ಟುವ ಕೆಲಸ. ಕಾಣದ ದಾರ ಬೇಕು ಅಂತ ಗಾಳದ ನೈಲಾನ್ ತಂದಿಟ್ಟುಕೊಂಡಿದ್ದೀ. ಅದು ಕಾಣದು ಅನ್ನುವುದು ಅಂಗಡಿಯವನ ಮಾತು. ಪ್ರೊಜೆಕ್ಟರಿನ ಬೆಳಕು ಬಿದ್ದ ಕೂಡಲೇ ಥಳಥಳ ಹೊಳೆಯುತ್ತದೆ, ಗಂಟೂ ಜಾರುತ್ತದೆ. ದಾರ ಹೇಗೂ ಕಾಣುವುದೇ ಆದರೆ ಅದನ್ನೂ ಒಂದು ಗೆರೆ ಅಂತ ಎಣಿಸಿ ಆರಿಸು. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2009ರ ವೆನಿಸ್ ಬಿನಾಲೆಯಲ್ಲಿ ಏನು ಮಾಡಿದರು ಗೊತ್ತೇ? ದೃಷ್ಟಿ ತಾಗದಿರಲಿ ಅಂತ ನಮ್ಮವರು ಗಾಡಿಗಳಿಗೆ ಕೂದಲ ಹಗ್ಗ ಕಟ್ಟುತ್ತಾರಲ್ಲ, ಅದನ್ನೇ ಸುಮಾರು ನಾಲ್ಕು ಕಿಲೋಮೀಟರ್ ಉದ್ದ ತಂದು, ಅದರಲ್ಲಿ ಕಾರುಗಳ ಉಕ್ಕಿನ ಬಂಪರುಗಳನ್ನು ಗೋಡೆಯುದ್ದಕ್ಕೂ ತೂಗಿಬಿಟ್ಟರು. ಅಲ್ಲಿ ನೋಡಬೇಕಾದ್ದು ಬಂಪರನ್ನಲ್ಲ, ಅಷ್ಟು ಭಾರ ಹೊತ್ತ ಆ ಕೂದಲನ್ನು. ನಿನಗೂ ನೈಲಾನಿನ ಹಂಗು ಬೇಡ. ಅಡಿಕೆ ಗೊನೆ ಇಳಿಸುವ ಹಗ್ಗ ದಪ್ಪವಾಯಿತು, ನಾರಿನ ಹುರಿ ಇದೆಯಲ್ಲ, ಅದು ಸರಿಹೋಗಬಹುದು. ಹೊಳೆಯುವುದಿಲ್ಲ, ಜಾರುವುದಿಲ್ಲ, ಎಲ್ಲಿಂದ ಬಂದ ಕೈಗಳು ಅಂತ ಬರೆದು ಹೇಳುವ ಕೆಲಸವೂ ತಪ್ಪುತ್ತದೆ.

ಹಾಳೆಯನ್ನು ಒಂದೇ ದಾರದಲ್ಲಿ ತೂಗಿದರೆ ಅದು ತಿರುಗುತ್ತದೆ, ಎರಡು ದಾರದಲ್ಲಿ ತೂಗಿದರೆ ಅಲುಗುತ್ತದೆ, ಕೆಳಗೂ ಭಾರ ಕೊಟ್ಟರೆ ನಿಲ್ಲುತ್ತದೆ. ಯಾವ ಹಾಳೆಗೆ ಯಾವುದು ಅಂತ ನೀನೇ ತೀರ್ಮಾನಿಸು, ಹಾಲ್‌ನ ಫ್ಯಾನು ತೀರ್ಮಾನಿಸುವುದು ಬೇಡ. ಫೋಟೋದಲ್ಲಿ ಆರು ಫ್ಯಾನು ಎಣಿಸಿದೆ. ಉದ್ಘಾಟನೆಗೆ ಅತಿಥಿಗಳು ಬಂದ ಕೂಡಲೇ ಯಾರಾದರೊಬ್ಬ ಪುಣ್ಯಾತ್ಮ ಆರನ್ನೂ ಐದಕ್ಕೆ ತಿರುಗಿಸುತ್ತಾನೆ. ರೆಗ್ಯುಲೇಟರ್ ಮೇಲೆ ಕಾಗದ ಅಂಟಿಸಿದರೆ ಕೇಳುವವರಿಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ ಫ್ಯೂಸನ್ನೇ ತೆಗೆಸಿಡು. ಮೇಲೆ ಕೆಳಗೆ ಬಿದಿರಿನ ದಬ್ಬೆ ಕೊಟ್ಟು, ಹಾಳೆಯನ್ನು ಅದರ ನಡುವೆ ಕಚ್ಚಿಸಿ ಹಿಡಿಸಿದರೆ ಮೂಲೆ ಹರಿಯುವುದಿಲ್ಲ. ಕ್ಲಿಪ್ಪು, ಟೇಪು ಎಲ್ಲ ಬೆನ್ನಿನ ಕಡೆಯಿಂದ ಅಸಹ್ಯ.

ಕಾಗದದ ಬಗ್ಗೆ ಎಚ್ಚರ. ಜೂನ್ ಕೊನೆ ಅಂದರೆ ಮೈಸೂರಿನಲ್ಲೂ ಹವೆ ತೇವ. ಟ್ರೇಸಿಂಗ್ ಪೇಪರ್ ತೇವಕ್ಕೆ ಹಪ್ಪಳದ ಹಾಗೆ ಮುದುರುತ್ತದೆ, ಇದ್ದಿಲೂ ಅದರ ನುಣುಪಿಗೆ ನಿಲ್ಲುವುದಿಲ್ಲ. ನಕ್ಷೆ ಬರೆಯುವವರು ಬಳಸುವ ಮಂಜು ಮುಖದ ಪಾಲಿಯೆಸ್ಟರ್ ಫಿಲ್ಮ್ ಸಿಗುತ್ತದೆ, ಅದು ನೀರಿಗೂ ಜಗ್ಗದು, ಇದ್ದಿಲನ್ನೂ ಹಿಡಿಯುತ್ತದೆ, ಬೆಳಕನ್ನೂ ಸಮನಾಗಿ ಹರಡುತ್ತದೆ. ದುಬಾರಿ ಅನಿಸಿದರೆ ಎರಡು ಮುಖದ ಚಿತ್ರಗಳಿಗಷ್ಟೇ ತಾ. ವಿಡಿಯೋ ಬೀಳುವ ಬಟ್ಟೆಗೆ ಮಲ್ ಸಾಕು. ಅದರ ನೇಯ್ಗೆ ಹಾಯ್ದು ಹೋದ ಬೆಳಕು ಹಿಂದಿನ ಬಟ್ಟೆಯ ಮೇಲೆ ಇನ್ನೊಂದು ಮಸುಕು ಕೈಯನ್ನು ತಾನೇ ಬರೆಯುತ್ತದೆ, ಅದಕ್ಕೆ ಖರ್ಚಿಲ್ಲ. ಇದ್ದಿಲು ಉದುರದಂತೆ ಫಿಕ್ಸೇಟಿವ್ ಹೊಡೆಯುವುದು ಹೊರಗೆ, ಬಯಲಲ್ಲಿ. ಒಂದು ಮುಖ ಹೊಡೆದು, ಪೂರ್ತಿ ಒಣಗಿಸಿ, ಆಮೇಲೆ ಇನ್ನೊಂದು.

ಇಪ್ಪತ್ತೆಂಟು ಹಾಳೆ ಜಾಸ್ತಿಯಾಯಿತು, ಪುಟ್ಟಿ. ಇದು ಕೇಳಿ ಮುಖ ಊದಿಸಿಕೊಳ್ಳುತ್ತೀ ಅಂತ ಗೊತ್ತು. ಗೋಡೆಯ ಮೇಲಾದರೆ ಸಾಲಾಗಿ ಹಿಡಿಯುತ್ತಿತ್ತು. ಗಾಳಿಯಲ್ಲಿ ತೂಗಿದ ಹಾಳೆಗೆ ನಾಲ್ಕೂ ಕಡೆ ಜಾಗ ಬೇಕು, ಅದರ ನೆರಳಿಗೂ ಬೇಕು. ಗೇಗೊ ಅಂತ ಒಬ್ಬ ಕಲಾವಿದೆ, ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, 1939ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ವೆನೆಜುವೆಲಾ ಸೇರಿದ ಯಹೂದಿ ಹೆಣ್ಣುಮಗಳು. ಎಪ್ಪತ್ತರ ದಶಕದಲ್ಲಿ ಆಕೆ ಚೂರುಪಾರು ತಂತಿಗಳನ್ನು ಬಗ್ಗಿಸಿ ಗೋಡೆಯಿಂದ ಸ್ವಲ್ಪ ಮುಂದೆ ತೂಗಿ, ಅವಕ್ಕೆ ಕಾಗದವಿಲ್ಲದ ರೇಖಾಚಿತ್ರ ಅಂತ ಹೆಸರಿಟ್ಟಳು. ತಂತಿ ಒಂದು ಗೆರೆ, ಅದರ ನೆರಳು ಇನ್ನೊಂದು ಗೆರೆ. ನೀನು ಹದಿನೈದು ಹಾಳೆ ತೂಗಿದರೂ ಹಾಲ್‌ನಲ್ಲಿ ಮೂವತ್ತು ಇರುತ್ತವೆ, ಬೆನ್ನು ಸೇರಿದರೆ ಇನ್ನೂ ಹೆಚ್ಚು. ಉಳಿದದ್ದನ್ನು ಬಾಗಿಲ ಬಳಿ ಮೇಜಿನ ಮೇಲೆ ಒಂದು ಫೈಲಿನಲ್ಲಿಡು, ಬೇಕಾದವರು ತಿರುವಿ ನೋಡುತ್ತಾರೆ. ಯಾರ ಹಾಳೆ ತೂಗಬೇಕು, ಯಾರದು ಫೈಲಿಗೆ ಅಂತ ಗೆಳತಿಯರ ನಡುವೆ ಮನಸ್ತಾಪ ಬರುತ್ತದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ. ನಾಟಕದಲ್ಲಿ ಪಾತ್ರ ಹಂಚುವಾಗಲೂ ಬರುತ್ತಿತ್ತು, ರಿಹರ್ಸಲ್ ಶುರುವಾದ ಮೇಲೆ ಸುಮಾರಿಗೆ ಇಳಿಯುತ್ತಿತ್ತು.

ಹೆಸರಿನ ಚೀಟಿಗಳನ್ನು ಎಲ್ಲಿ ಅಂಟಿಸುವುದು ಅಂತ ಕೇಳಿದ್ದೀ. ಬೆನ್ನಿಗೆ. ಬ್ರೆಜಿಲ್ಲಿನ ಸಾವೊ ಪಾಲೊ ಮ್ಯೂಸಿಯಮ್ಮಿಗೆ 1968ರಲ್ಲಿ ಲೀನಾ ಬೊ ಬಾರ್ದಿ ಎಂಬ ವಾಸ್ತುಶಿಲ್ಪಿ ಗೋಡೆಗಳನ್ನೇ ಬೇಡವೆಂದು, ಕಾಂಕ್ರೀಟ್ ದಿಮ್ಮಿಯಲ್ಲಿ ಗಾಜು ನಿಲ್ಲಿಸಿ ಅದರ ಮೇಲೆ ಚಿತ್ರ ಹಾಕಿದಳು. ದೊಡ್ಡ ಕೋಣೆಯ ತುಂಬ ಚಿತ್ರಗಳು ಗಾಳಿಯಲ್ಲಿ ನಿಂತಂತೆ. ಯಾರು ಬರೆದದ್ದು, ಯಾವಾಗ ಬರೆದದ್ದು ಅನ್ನುವುದೆಲ್ಲ ಹಿಂದಿನ ಬದಿಗೆ. ಮೊದಲು ಚಿತ್ರ ನೋಡು, ಆಮೇಲೆ ಸುತ್ತಿ ಬಂದು ಹೆಸರು ಓದು ಅಂತ. ಮುಂದೆ 1996ರಲ್ಲಿ ಅವನ್ನೆಲ್ಲ ತೆಗೆಸಿ ಮಾಮೂಲು ಗೋಡೆ ಎಬ್ಬಿಸಿದರು. 2015ರಲ್ಲಿ ಮತ್ತೆ ತಂದು ನಿಲ್ಲಿಸಿದರು. ನಿಮ್ಮ ಕಾಲೇಜಿನಲ್ಲೂ ಚೀಟಿ ಮುಂದೆಯೇ ಇರಬೇಕು ಅನ್ನುವವರು ಇರುತ್ತಾರೆ, ಸಿಟ್ಟಾಗದೆ ಈ ಕತೆ ಹೇಳು.

ಇನ್ನು ಬೆಂಕಿಯ ಎಚ್ಚರ. ಡಾಗೇರನ ಆ ಡಯೊರಾಮಾ 1839ರಲ್ಲಿ ಸುಟ್ಟು ಹೋಯಿತು. ತೆಳು ಬಟ್ಟೆ, ಬಣ್ಣ, ದೀಪ ಎಲ್ಲ ಒಂದೇ ಮಾಡಿನ ಕೆಳಗೆ. ನಿನ್ನಲ್ಲೂ ಬಟ್ಟೆ, ಕಾಗದ, ಬಿದಿರು, ನಾರು ಇವೆ. ಹಳೇ ಹ್ಯಾಲೊಜೆನ್ ಲೈಟು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ, ಎಲ್‌ಇಡಿ ಮಾತ್ರ. ಪ್ರೊಜೆಕ್ಟರ್ ಬಿಸಿಗಾಳಿ ಬಿಡುವ ಕಡೆ ಒಂದು ಮೊಳದೊಳಗೆ ಏನೂ ತೂಗಬಾರದು. ಒಂದು ಎಕ್ಸ್‌ಟೆನ್ಷನ್ ಬೋರ್ಡಿನ ಬಾಲಕ್ಕೆ ಇನ್ನೊಂದು ಬೋರ್ಡು ಸಿಕ್ಕಿಸುವ ಚಾಳಿ ಬೇಡ. ವೈರನ್ನು ಗೋಡೆಯಂಚಿಗೆ ಒಯ್ದು ನೆಲಕ್ಕೆ ಅಗಲ ಟೇಪಿನಿಂದ ಒತ್ತಿಸು. ಕರೆಂಟು ಹೋಗಿ ಬಂದಾಗ ಪ್ರೊಜೆಕ್ಟರ್ ತಾನಾಗಿ ಶುರುವಾಗುತ್ತದೋ, ನೀಲಿ ಪರದೆ ತೋರಿಸಿಕೊಂಡು ಕೂರುತ್ತದೋ ಅಂತ ಮೊದಲೇ ಸ್ವಿಚ್ಚು ಆರಿಸಿ ನೋಡು. ಬೆಳಗ್ಗೆ ಹಾಕುವವರು ಯಾರು, ಸಂಜೆ ಆರಿಸುವವರು ಯಾರು ಎಂದು ಹೆಸರು ಬರೆದು ಬಾಗಿಲ ಹಿಂದೆ ಅಂಟಿಸು.

ಮತ್ತೆ, ಪೂರಾ ಕತ್ತಲೆ ಬೇಡ. ಬೆಳಕಿನಿಂದ ಒಳಗೆ ಬಂದ ನನ್ನ ವಯಸ್ಸಿನವರ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಬಾಗಿಲಿನಿಂದ ಮೊದಲ ಹಾಳೆಯವರೆಗೆ ನೆಲದ ಮಟ್ಟದಲ್ಲಿ ಒಂದು ಮಂದ ಬೆಳಕಿರಲಿ. ಎರಡು ಹಾಳೆಯ ನಡುವೆ ಇಬ್ಬರು ಮೈ ತಾಗದೆ ಹೋಗುವಷ್ಟು ದಾರಿ ಇರಲಿ, ವೀಲ್‌ಚೇರ್ ಬಂದರೆ ತಿರುಗಬೇಕಲ್ಲ. ಹಾಳೆಯ ನಡುಭಾಗ ನೆಲದಿಂದ ಸುಮಾರು ಐದಡಿಗೆ ಬಂದರೆ ನಿಂತವರ ಕಣ್ಣಿಗೆ ಸರಿ. ಆದರೆ ಎರಡು ಮೂರನ್ನು ಬೇಕೆಂದೇ ಕೆಳಗಿಳಿಸು, ಕುರ್ಚಿಯ ಮೇಲೆ ಕೂತವರ ಕಣ್ಣಿಗೆ ನೇರವಾಗಿ, ಎದುರಿಗೊಂದು ಕುರ್ಚಿ ಸಮೇತ. ಸುಲಿಯುವವರು ಕೂತೇ ಸುಲಿಯುತ್ತಾರೆ, ನೋಡುವವರೂ ಕೂರಲಿ. ಅಜ್ಜಿಯೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನನ್ನ ಕೈ ನೋಡಲು ಅಷ್ಟು ದೂರ ಹೋಗಬೇಕೇ ಅಂತ ನಗುತ್ತಾಳೆ, ಸೀರೆ ಮಾತ್ರ ಈಗಲೇ ತೆಗೆದಿಟ್ಟಿದ್ದಾಳೆ.

ತೂಗಿ ನೋಡುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡ. ಹಾಲ್ ಸಿಗದಿದ್ದರೆ ಹಾಸ್ಟೆಲ್ಲಿನ ಓಣಿಯಲ್ಲೋ ಮೆಟ್ಟಿಲ ಕೆಳಗೋ ಒಂದೇ ಒಂದು ಹಾಳೆ ತೂಗಿ, ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಹಿಂದಿನಿಂದ ಹಿಡಿದು ನೋಡು. ಅಂಗೈ ತೂರಿ ಬಂತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬಂದರೆ ಉಳಿದದ್ದು ಬರೀ ಗಂಟು ಹಾಕುವ ಕೆಲಸ. ಬಿಚ್ಚುವ ದಿನವನ್ನೂ ಈಗಲೇ ಯೋಚಿಸು. ಕಟ್ಟುವಾಗ ಹತ್ತು ಜನ ಇರುತ್ತಾರೆ, ಬಿಚ್ಚುವಾಗ ನೀನೊಬ್ಬಳೇ ಏಣಿಯ ಮೇಲೆ. ಹಾಗಾಗಬಾರದು. ಏಣಿ ಹಿಡಿಯಲು ಒಬ್ಬರು ಇಲ್ಲದೆ ಹತ್ತಕೂಡದು. ಇದು ಸಲಹೆಯಲ್ಲ, ಮಾವನ ಆಜ್ಞೆ.

ನಾವು ಪ್ರದರ್ಶನಕ್ಕೆ ಎರಡು ದಿನ ಮೊದಲೇ ತಾಳಗುಪ್ಪ–ಮೈಸೂರು ರೈಲಿಗೆ ಬರುತ್ತೇವೆ. ಬಿದಿರಿನ ದಬ್ಬೆ ನೀನು ಅಲ್ಲಿ ಹುಡುಕಬೇಡ, ನಾನೇ ಸೀಳಿಸಿ, ಹೆರೆಸಿ ತರುತ್ತೇನೆ. ಬೆಳೆದ ಬಿದಿರೇ ಆಗಬೇಕು, ಎಳೆಯದಕ್ಕೆ ಹುಳ ಬೀಳುತ್ತದೆ. ಮಳೆ ಹಿಡಿದ ಮೇಲೆ ಒಣಗಿಸುವುದು ಕಷ್ಟ, ಹಾಗಾಗಿ ಹಾಳೆಯ ಅಗಲ ಎಷ್ಟು, ಒಟ್ಟು ಎಷ್ಟು ದಬ್ಬೆ ಬೇಕು ಅಂತ ಈ ಶುಕ್ರವಾರದೊಳಗೆ ತಿಳಿಸು. ಇಂಚಿನಲ್ಲಿ ಬರೆ, ಇಲ್ಲಿ ಸೀಳುವವನಿಗೆ ಸೆಂಟಿಮೀಟರ್ ಬರುವುದಿಲ್ಲ.

ಇಂತಿ ನಿನ್ನ ಪ್ರೀತಿಯ
ಮಾವ

ಮರೆತಿದ್ದೆ: ನಾರಿನ ಹುರಿಯೂ ಬೇಕಾದರೆ ಅದರ ಉದ್ದವನ್ನೂ ಸೇರಿಸಿ ಬರೆ. ಗಂಟಿಗೆ ಅಂತ ಪ್ರತಿ ಹಾಳೆಗೆ ಎರಡು ಮೊಳ ಜಾಸ್ತಿ ಹಿಡಿ.